ಪಲ್ಲಕ್ಕಿ ಹೊರುವವರು ಬೇಕಾಗಿದ್ದಾರೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿ ಸಂಘಗಳ ಸಂತೆ ನೆರೆಯುತ್ತದೆ. ಹುಲ್ಲುಹಾಸಿನ ಮೇಲೆ ಸಾಲು ಮೇಜು, ಮೇಜಿಗೊಂದು ಬ್ಯಾನರು, ಬ್ಯಾನರಿನ ಹಿಂದೆ ನಗುತ್ತ ನಿಂತ ಹುಡುಗ ಹುಡುಗಿಯರು. ಚೆಸ್ ಆಡುವವರು, ಬೆಟ್ಟ ಹತ್ತುವವರು, ಚರ್ಚಾಕೂಟದವರು, ಬಾಲಿವುಡ್ ಹಾಡಿಗೆ ಕುಣಿಯುವವರು, ಎಲ್ಲರೂ ಹೊಸಬರನ್ನು ಕೈಬೀಸಿ ಕರೆಯುತ್ತಿರುತ್ತಾರೆ. ಈ ಸಾಲಿನಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಮೇಜನ್ನು ಬ್ಯಾನರು ಓದದೆಯೂ ಗುರುತು ಹಿಡಿಯಬಹುದು. ಅಲ್ಲಿ ಮೇಜಿನ ಮುಂದಿರುವವರಿಗಿಂತ ಹಿಂದಿರುವವರೇ ಹೆಚ್ಚು.

ಹಿಂದಿರುವವರೆಲ್ಲ ಲೀಡರುಗಳು. ಬೈಬಲ್ ಅಧ್ಯಯನದ ಲೀಡರ್, ಅವನ ಸಹ-ಲೀಡರ್, ಹಾಡಿನ ತಂಡದ ಲೀಡರ್, ಪ್ರಾರ್ಥನೆಯ ಲೀಡರ್, ಬಾಗಿಲಲ್ಲಿ ಸ್ವಾಗತಿಸುವ ಲೀಡರ್, ತಿಂಡಿ ಲೀಡರ್, ಇನ್‌ಸ್ಟಾಗ್ರಾಂ ಲೀಡರ್. ಇಷ್ಟು ಮಂದಿ ಲೀಡರುಗಳ ಮನಸ್ಸು ನೋಯದಂತೆ ನೋಡಿಕೊಳ್ಳಲು ಇನ್ನೊಬ್ಬ ಲೀಡರ್. ಗುಂಪಿನಲ್ಲಿ ಒಟ್ಟು ನಲವತ್ತು ಜನ ಎಂದಿಟ್ಟುಕೊಳ್ಳಿ. ಹದಿನೆಂಟು ಮಂದಿ ಹಾಲಿ ಲೀಡರುಗಳು. ಹನ್ನೆರಡು ಮಂದಿ ಮುಂದಿನ ವರ್ಷದವರು, ಸದ್ಯ ತರಬೇತಿಯಲ್ಲಿದ್ದಾರೆ. ಆರು ಮಂದಿ ಮಾಜಿಗಳು, ದಣಿವಾರಿಸಿಕೊಳ್ಳುತ್ತಿದ್ದಾರೆ. ಉಳಿದ ನಾಲ್ವರು ಪಿಜ್ಜಾಕ್ಕೆ ಬಂದವರು.

ಆ ನಾಲ್ವರೂ ಹೆಚ್ಚು ದಿನ ಹಾಗೇ ಉಳಿಯಲಾರರು. ಮೂರನೆಯ ವಾರಕ್ಕೆ ಯಾರೋ ಬಂದು ಹೆಗಲ ಮೇಲೆ ಕೈಯಿಟ್ಟು, "ನಿನ್ನಲ್ಲಿ ಏನೋ ಇದೆ ಅನ್ನಿಸ್ತಿದೆ, ಲೀಡರ್ ಆಗೋದರ ಬಗ್ಗೆ ಪ್ರಾರ್ಥನೆ ಮಾಡಿ ನೋಡು" ಅನ್ನುತ್ತಾರೆ. ಏನಿದೆ ಎಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ, ಬಹಳ ಸಲ, ಕಾರು ಇದೆ ಎಂಬುದೇ ಪ್ರಾಮಾಣಿಕ ಉತ್ತರವಾದೀತು.

ಕ್ಯಾಂಪಸ್ ಮಿನಿಸ್ಟ್ರಿ ಎಂದು ಅಲ್ಲಿಯವರು ಕರೆಯುವ ಈ ಸೇವೆ ಶುರುವಾದದ್ದು ಹೀಗಲ್ಲ. 1806ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸಿನ ವಿಲಿಯಮ್ಸ್ ಕಾಲೇಜಿನ ಐವರು ಹುಡುಗರು ಬಯಲಿನಲ್ಲಿ ಪ್ರಾರ್ಥನೆಗೆ ಸೇರಿದ್ದಾಗ ಗುಡುಗು ಸಿಡಿಲಿನ ಮಳೆ ಹಿಡಿಯಿತು. ಹುಲ್ಲಿನ ಬಣವೆಯ ಮರೆಗೆ ಓಡಿದರು. ಏಷ್ಯಾದ ಜನರಿಗೆ ಸುವಾರ್ತೆ ಮುಟ್ಟಿಸಬೇಕೆಂದು ಅಲ್ಲೇ ಮಾತಾಡಿಕೊಂಡರು. ಆ ಮಾತಿನ ಎಳೆ ಹಿಡಿದು 1810ರಲ್ಲಿ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ ಹುಟ್ಟಿತು. 1812ರಲ್ಲಿ ಅದರ ಮೊದಲ ತಂಡ ಹಡಗು ಹತ್ತಿತು. ಮರುವರ್ಷ ಅವರಲ್ಲಿ ಇಬ್ಬರು ಮುಂಬಯಿ ತಲುಪಿದರು. ಅವರು ಬಂದದ್ದು ಸರಿಯೋ ತಪ್ಪೋ ಎಂಬುದು ಬೇರೆ ಜಗಳ, ಇನ್ನೊಮ್ಮೆ ಆಡೋಣ. ಐವರಲ್ಲಿ ಒಬ್ಬನೂ ಯಾವ ತರಬೇತಿಯನ್ನೂ ಪಡೆದಿರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು. ಇವತ್ತಾಗಿದ್ದರೆ ಬಣವೆಯ ಮರೆಗೆ ಹೋಗುವ ಮೊದಲು ಐವರೂ ಹೊಣೆಗಾರಿಕೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಸಿಡಿಲು ಬಡಿದರೆ ಸಂಸ್ಥೆ ಜವಾಬ್ದಾರಿಯಲ್ಲ. ಬಣವೆಯನ್ನು ಎರಡು ವಾರ ಮೊದಲೇ ಬುಕ್ ಮಾಡಿರಬೇಕು. ಹುಲ್ಲಿನ ಅಲರ್ಜಿ ಇರುವವರಿಗೆ ಬೇರೆ ವ್ಯವಸ್ಥೆ.

ಕೇಂಬ್ರಿಜ್ ವಿದ್ಯಾರ್ಥಿಗಳು ತಮ್ಮ ಕ್ರೈಸ್ತ ಕೂಟ ಕಟ್ಟಿಕೊಂಡದ್ದು 1877ರಲ್ಲಿ. ಅಲ್ಲಿಂದ ಹೊರಬಿದ್ದವರಲ್ಲಿ ಒಬ್ಬ ಸಿ.ಟಿ. ಸ್ಟಡ್. ಕ್ರಿಕೆಟ್ ಬಲ್ಲವರಿಗೆ ಈ ಹೆಸರು ಬೇರೆ ಕಡೆ ಸಿಕ್ಕಿರುತ್ತದೆ. 1882ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಏಳು ರನ್ನಿನಿಂದ ಸೋತು ಆ್ಯಶಸ್ ಎಂಬ ಹೆಸರಿಗೆ ಕಾರಣವಾಯಿತಲ್ಲ, ಆ ಪಂದ್ಯದ ಕೊನೆಯಲ್ಲಿ ಒಂದೂ ಚೆಂಡು ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತುಬಿಟ್ಟವನು ಈತನೇ. ಮೂರು ವರ್ಷಕ್ಕೆ ಬ್ಯಾಟು ಬದಿಗಿಟ್ಟು, ಆರು ಮಂದಿ ಜೊತೆಗಾರರೊಡನೆ ಚೀನಾಕ್ಕೆ ಹೊರಟ. ಅವನ ಅಣ್ಣ ಅಮೆರಿಕದ ಕಾಲೇಜುಗಳನ್ನು ಸುತ್ತುತ್ತ 1886ರಲ್ಲಿ ಕಾರ್ನೆಲ್‌ಗೆ ಬಂದು ಭಾಷಣ ಮಾಡಿದಾಗ ಕೇಳುತ್ತ ಕೂತಿದ್ದ ಹುಡುಗ ಜಾನ್ ಮಾಟ್. ಅದೇ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬಲ್ಲಿ ಸುವಾರ್ತಾ ಬೋಧಕ ಡ್ವೈಟ್ ಮೂಡಿ ವಿದ್ಯಾರ್ಥಿಗಳ ಶಿಬಿರ ನಡೆಸಿದ. ಬೂಟಿನ ಅಂಗಡಿಯಲ್ಲಿ ದುಡಿದವನು, ಕಾಲೇಜಿನ ಮೆಟ್ಟಿಲು ಹತ್ತದವನು. ಶಿಬಿರ ಮುಗಿಯುವ ಹೊತ್ತಿಗೆ ನೂರು ಹುಡುಗರು ಪರದೇಶಕ್ಕೆ ಹೋಗಲು ಹೆಸರು ಕೊಟ್ಟಿದ್ದರು, ಮಾಟ್ ಅವರಲ್ಲೊಬ್ಬ. 1895ರಲ್ಲಿ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಕಟ್ಟಿ, 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮಾಟ್ ಈತನೇ.

ಜಗಳವನ್ನೂ ಆ ಕಾಲದ ಹುಡುಗರು ತಾವೇ ಆಡಿಕೊಂಡರು. ಕೇಂಬ್ರಿಜ್ ಕೂಟ 1910ರಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ವಿದ್ಯಾರ್ಥಿ ಸಂಘಟನೆಯಿಂದ ಬೇರೆಯಾಯಿತು. 1919ರಲ್ಲಿ ಮತ್ತೆ ಒಂದಾಗುವ ಮಾತುಕತೆ ನಡೆದಾಗ ಕೂಟದ ಹುಡುಗರು ಒಂದೇ ಪ್ರಶ್ನೆ ಕೇಳಿದರು: ಯೇಸುವಿನ ರಕ್ತದಿಂದ ಸಿಗುವ ವಿಮೋಚನೆ ನಿಮ್ಮ ಸಂದೇಶದ ಕೇಂದ್ರದಲ್ಲಿದೆಯೋ ಇಲ್ಲವೋ? ಜಾಗವಿದೆ, ಆದರೆ ಕೇಂದ್ರದಲ್ಲೇ ಇರಬೇಕೆಂದಿಲ್ಲ ಎಂಬ ಅರ್ಥದ ಉತ್ತರ ಬಂತು. ಎದ್ದು ಹೋದರು. ಇಂಗ್ಲಿಷ್ ಮಾತಾಡುವ ಲೋಕದ ಪ್ರಾಟೆಸ್ಟೆಂಟ್ ವಿದ್ಯಾರ್ಥಿಗಳು ಇಂದಿಗೂ ಎರಡು ಹೋಳಾಗಿರುವುದಕ್ಕೆ ಆ ಒಂದು ಮಾತುಕತೆಯ ಕೊಡುಗೆ ದೊಡ್ಡದು. ಈಗಿನ ಲೀಡರುಗಳು ಗುರುವಾರದ ಸಭೆಗೆ ಪಿಜ್ಜಾ ತರಿಸುವುದೋ ಟ್ಯಾಕೋ ತರಿಸುವುದೋ ಎಂದು ಒಡಕು ಬಂದರೆ ಸ್ಟಾಫ್‌ಗೆ ಫೋನ್ ಮಾಡುತ್ತಾರೆ.

ಸ್ಟಾಫ್ ಎಂದರೆ ಯಾರು? ಇಲ್ಲಿಂದಲೇ ನಿಜವಾದ ಕಥೆ.

1951ರಲ್ಲಿ ಬಿಲ್ ಬ್ರೈಟ್ ಎಂಬ, ಕ್ಯಾಲಿಫೋರ್ನಿಯಾದಲ್ಲಿ ಸಿಹಿತಿಂಡಿ ವ್ಯಾಪಾರ ಮಾಡುತ್ತಿದ್ದ ಗೃಹಸ್ಥರು ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದಲ್ಲಿ ಹೆಂಡತಿಯೊಡನೆ ಕ್ಯಾಂಪಸ್ ಕ್ರುಸೇಡ್ ಶುರುಮಾಡಿದರು. ಕ್ರುಸೇಡ್ ಎಂದರೆ ಹೊರಗಿನವರು ಬೆಚ್ಚಿಬೀಳುತ್ತಾರೆಂದು ಅರುವತ್ತು ವರ್ಷದ ಮೇಲೆ ಹೊಳೆದು, 2011ರಲ್ಲಿ ಅದನ್ನು ಕ್ರೂ ಎಂದು ಕತ್ತರಿಸಿಕೊಂಡರು. ಅದಕ್ಕೂ ಮುಂಚೆ, 1933ರಲ್ಲಿ, ಡಾಸನ್ ಟ್ರಾಟ್‌ಮನ್ ಎಂಬುವನು ನೌಕಾಪಡೆಯ ನಾವಿಕರ ನಡುವೆ ನ್ಯಾವಿಗೇಟರ್ಸ್ ಕಟ್ಟಿದ್ದ. ಬೈಬಲ್ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿಸುವುದು, ಒಬ್ಬನನ್ನು ಹಿಡಿದು ತಿದ್ದಿ ಅವನಿಂದ ಇನ್ನೊಬ್ಬನನ್ನು ತಿದ್ದಿಸುವುದು ಅವನ ವಿಧಾನ. ಅಮೆರಿಕದ ಇಂಟರ್‌ವಾರ್ಸಿಟಿ 1941ರದು. ಈ ಮೂರೂ ಸಂಸ್ಥೆಗಳಲ್ಲಿ ಸ್ಟಾಫ್ ಆಗಿರುವವರಿಗೆ ಸಂಬಳ ಮೇಲಿನಿಂದ ತಾನಾಗಿ ಬರುವುದಿಲ್ಲ. ತಮ್ಮ ಸಂಬಳವನ್ನು ತಾವೇ ಎತ್ತಿಕೊಳ್ಳಬೇಕು. ಅತ್ತೆಗೆ, ಚಿಕ್ಕಪ್ಪನಿಗೆ, ಹುಟ್ಟೂರಿನ ಚರ್ಚಿಗೆ, ಚಿಕ್ಕಂದಿನಲ್ಲಿ ಹಲ್ಲು ಕಿತ್ತ ಡಾಕ್ಟರಿಗೆ ಪತ್ರ ಬರೆದು ತಿಂಗಳಿಗಿಷ್ಟು ಎಂದು ಒಪ್ಪಿಸಬೇಕು.

ದುಡ್ಡು ಕೊಟ್ಟವರಿಗೆ ಸುದ್ದಿ ಬೇಡವೇ? ತಿಂಗಳ ಕೊನೆಗೆ ಪತ್ರ ಹೋಗಬೇಕು. ಅದರಲ್ಲಿ ಏನೆಂದು ಬರೆಯುವುದು? "ಈ ತಿಂಗಳು ಒಬ್ಬ ಹುಡುಗ ರಾತ್ರಿ ಎರಡು ಗಂಟೆಗೆ ಬಂದು ಅತ್ತ. ಅವನ ಜೊತೆ ಸುಮ್ಮನೆ ಕೂತಿದ್ದೆ" ಎಂದು ಬರೆದರೆ ಹಲ್ಲಿನ ಡಾಕ್ಟರು ಎಷ್ಟು ತಿಂಗಳು ಕೊಟ್ಟಾರು? ಎಣಿಸಲು ಬರುವಂಥದ್ದು ಬೇಕು. ಗೆಳೆತನ ಎಣಿಕೆಗೆ ಸಿಗದು, ಪಶ್ಚಾತ್ತಾಪ ಎಣಿಸಿದರೆ ಅನುಮಾನ ಬರುತ್ತದೆ. ಲೀಡರುಗಳನ್ನು ಮಾತ್ರ ನಿಶ್ಚಿಂತೆಯಿಂದ ಎಣಿಸಬಹುದು. "ಈ ವರ್ಷ ಹದಿನೆಂಟು ವಿದ್ಯಾರ್ಥಿ ನಾಯಕರನ್ನು ತಯಾರು ಮಾಡಿದೆವು" ಎಂದರೆ ಕೇಳಲಿಕ್ಕೂ ಗಟ್ಟಿ, ಫೋಟೋಕ್ಕೂ ಗಟ್ಟಿ. ಹದಿನೆಂಟು ಮಂದಿಯೂ ಒಂದೇ ಬಣ್ಣದ ಟೀ-ಶರ್ಟಿನಲ್ಲಿ ಗಾಳಿಗೆ ಹಾರಿದ ಚಿತ್ರವನ್ನು ಅಮೆರಿಕದ ಎಷ್ಟು ಫ್ರಿಜ್ಜಿನ ಬಾಗಿಲುಗಳು ಹೊತ್ತಿವೆಯೋ.

ಎಣಿಕೆಯ ಹುಚ್ಚಿಗೆ ಶಾಸ್ತ್ರಾಧಾರವೂ ಇದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದ ಎರಡನೆಯ ವಚನದಲ್ಲಿ ಪೌಲನು, ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಮತ್ತೊಬ್ಬರಿಗೆ ಕಲಿಸಲಿ ಎಂಬ ಅರ್ಥದ ಮಾತು ಹೇಳುತ್ತಾನೆ. ಮುದುಕನೊಬ್ಬ ಸೆರೆಮನೆಯಿಂದ ಶಿಷ್ಯನಿಗೆ ಹೇಳಿದ ಮಾತು. ತರಬೇತಿಯ ಬಿಳಿ ಹಲಗೆಯ ಮೇಲೆ ಅದು ಟ್ರಾಟ್‌ಮನ್ ಹೇಳಿಕೊಟ್ಟ ಗಣಿತವಾಗುತ್ತದೆ. ಒಬ್ಬ ಲೀಡರ್ ಆರು ತಿಂಗಳಲ್ಲಿ ಇನ್ನೊಬ್ಬನನ್ನು ತಯಾರು ಮಾಡಲಿ. ಇಬ್ಬರಾದರು. ಮತ್ತಾರು ತಿಂಗಳಿಗೆ ನಾಲ್ವರು, ಆಮೇಲೆ ಎಂಟು, ಹದಿನಾರು. ಮೂವತ್ತೊಂದು ಸುತ್ತಿಗೆ, ಅಂದರೆ ಹದಿನೈದೂವರೆ ವರ್ಷಕ್ಕೆ, 214 ಕೋಟಿ ದಾಟುತ್ತದೆ. ಹಲಗೆಯ ಮುಂದೆ ಕೂತ ಹುಡುಗರ ಕಣ್ಣು ಅಗಲವಾಗುತ್ತದೆ. 1956ರಲ್ಲಿ ಒಬ್ಬನೇ ಒಬ್ಬ ಈ ಲೆಕ್ಕವನ್ನು ತಪ್ಪದೆ ಪಾಲಿಸಿದ್ದರೂ 1972ರ ಹೊತ್ತಿಗೆ ಭೂಮಿಯ ಮೇಲೆ ಲೀಡರ್ ಆಗದ ನರಪಿಳ್ಳೆ ಉಳಿಯುತ್ತಿರಲಿಲ್ಲ. 1972ರಲ್ಲಿ ನಿಜವಾಗಿ ನಡೆದದ್ದೇನೆಂದರೆ, ಡಲ್ಲಾಸ್ ನಗರದಲ್ಲಿ ಕ್ಯಾಂಪಸ್ ಕ್ರುಸೇಡ್ ಎಕ್ಸ್‌ಪ್ಲೋ ಎಂಬ ಮಹಾಮೇಳ ನಡೆಸಿತು. ಬಿಲಿ ಗ್ರಹಾಂ ಮಾತಾಡಿದರು, ಜಾನಿ ಕ್ಯಾಶ್ ಹಾಡಿದ. ಸೇರಿದ್ದವರು ಸುಮಾರು 80,000. ಅವರು ಬಂದದ್ದೂ ತರಬೇತಿಗೇ.

ಟ್ರಾಟ್‌ಮನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯ. ಆ ಮನುಷ್ಯ 1956ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕ್ರೂನ್ ಸರೋವರದಲ್ಲಿ ದೋಣಿಯಿಂದ ನೀರಿಗೆ ಬಿದ್ದಾಗ, ಜೊತೆಯಲ್ಲಿ ಬಿದ್ದ ಈಜು ಬಾರದ ಹುಡುಗಿಯನ್ನು ಮೇಲೆತ್ತಿ ಹಿಡಿದು, ಅವಳು ಬದುಕಿದ ಮೇಲೆ ತಾನು ಮುಳುಗಿ ಸತ್ತ. ತರಬೇತಿಯ ಪುಸ್ತಕಗಳಲ್ಲಿ ಅವನ ಲೆಕ್ಕ ಉಳಿದುಕೊಂಡಿತು, ಸರೋವರ ಬಿಟ್ಟುಹೋಯಿತು.

ಹೋಗಲಿ, ಲೀಡರ್ ಆಗುವ ದಾರಿ ನೋಡೋಣ. ಮಾರ್ಚ್ ತಿಂಗಳಿಗೆ ಅರ್ಜಿ ಬರುತ್ತದೆ. ಈಗೆಲ್ಲ ಗೂಗಲ್ ಫಾರ್ಮ್. ಹೆಸರು, ವರ್ಷ, ವಿಷಯ ಆದ ಮೇಲೆ ಕೆಂಪು ಚುಕ್ಕೆ ಇಟ್ಟ ಕಡ್ಡಾಯ ಪ್ರಶ್ನೆಗಳು. ನೀನು ಯೇಸುವನ್ನು ಕಂಡುಕೊಂಡ ಬಗೆಯನ್ನು ಮುನ್ನೂರು ಪದ ಮೀರದಂತೆ ಬರೆ. ವಾರಕ್ಕೆ ಎಷ್ಟು ದಿನ ಬೆಳಿಗ್ಗೆ ಏಕಾಂತದಲ್ಲಿ ಬೈಬಲ್ ಓದುತ್ತೀ? ಏಳು, ಐದಾರು, ಮೂರ್ನಾಲ್ಕು, ಅಥವಾ 'ಈ ವಿಷಯದಲ್ಲಿ ಬೆಳೆಯುತ್ತಿದ್ದೇನೆ'. ಪ್ರೇಮದಲ್ಲಿದ್ದೀಯಾ? ಇದ್ದರೆ ಅವರೂ ಲೀಡರೇ? ಕೊನೆಗೆ, ನಿನ್ನ ದೊಡ್ಡ ದೌರ್ಬಲ್ಯ ಯಾವುದು? ಈ ಪ್ರಶ್ನೆಗೆ ಬಹುತೇಕ ಎಲ್ಲರೂ ಬರೆಯುವುದು ಒಂದೇ: ನನಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ. ಅಲ್ಲಿಗೆ ಆಯ್ಕೆ ಖಚಿತ.

ಆಯ್ಕೆಯಾದವನ ವಾರ ಹೀಗೆ ತುಂಬುತ್ತದೆ. ಭಾನುವಾರ ಬೆಳಿಗ್ಗೆ ಚರ್ಚು, ಸಂಜೆ ಲೀಡರುಗಳ ಸಭೆ. ಸೋಮವಾರ ಸ್ಟಾಫ್ ಜೊತೆ ಕಾಫಿ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಕೂತು ಹೃದಯದ ತಪಾಸಣೆ. ಮಂಗಳವಾರ ತಾನು ನಡೆಸುವ ಸಣ್ಣ ಗುಂಪು. ಬುಧವಾರ, ತನ್ನ ಕೈಕೆಳಗೆ ಬೆಳೆಯುತ್ತಿರುವ ಕಿರಿಯ ಹುಡುಗನ ಹೃದಯದ ತಪಾಸಣೆ, ಅದೇ ಕಾಫಿ ಅಂಗಡಿಯಲ್ಲಿ. ಗುರುವಾರ ದೊಡ್ಡ ಸಭೆ. ಆರಕ್ಕೆ ಕುರ್ಚಿ ಹಾಕಬೇಕು, ಹತ್ತಕ್ಕೆ ಎತ್ತಿಡಬೇಕು. ಶುಕ್ರವಾರ ಇದೇ ಜನರ ಜೊತೆ ಮನರಂಜನೆ. ಶನಿವಾರ ತರಬೇತಿ. ಮಿಕ್ಕ ಸಮಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್.

ಆ ಶನಿವಾರದ ತರಬೇತಿಯ ಒಂದು ಘಳಿಗೆಯನ್ನು ಹತ್ತಿರದಿಂದ ನೋಡಿ. ಎಲ್ಲರಿಗೂ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ಲು. "ಕ್ರೈಸ್ತರಲ್ಲದ ನಿಮ್ಮ ಮೂವರು ಗೆಳೆಯರ ಹೆಸರು ಬರೆಯಿರಿ, ಅವರಿಗಾಗಿ ಈ ಸೆಮಿಸ್ಟರ್ ಪ್ರಾರ್ಥಿಸೋಣ." ಕೋಣೆಯಲ್ಲಿ ಪೆನ್ಸಿಲ್ಲಿನ ಸದ್ದೇ ಇಲ್ಲ. ನಮ್ಮ ಲೀಡರ್ ರೂಮ್‌ಮೇಟಿನ ಹೆಸರು ಬರೆಯುತ್ತಾನೆ. ಎರಡನೆಯದಕ್ಕೆ ಪ್ರಯೋಗಾಲಯದ ಜೊತೆಗಾರ; ಅವನ ಪೂರ್ತಿ ಹೆಸರು ಏನೋ, ಚೀನೀಯನೋ ಕೊರಿಯನ್ನನೋ. ಮೂರನೆಯದಕ್ಕೆ ಬಹಳ ಯೋಚಿಸಿ, ಕಾಫಿ ಅಂಗಡಿಯಲ್ಲಿ ವಾರಕ್ಕೆ ಎರಡು ಸಲ ಕಾಫಿ ಕೊಡುವ ಹುಡುಗಿಯ ಅಂಗಿಗೆ ಸಿಕ್ಕಿಸಿದ ಹೆಸರು ನೆನಪು ಮಾಡಿಕೊಳ್ಳುತ್ತಾನೆ. ಸ್ಟಾಫ್ ಗಂಭೀರವಾಗಿ ಚೀಟಿಗಳನ್ನು ನೋಡಿ, ನಮ್ಮ ಲೀಡರುಗಳಿಗೆ ಹೊರಗೆ ಗೆಳೆಯರೇ ಇಲ್ಲವಲ್ಲ ಎಂದು ಮರುಗಿ, ಗೆಳೆತನ ಬೆಳೆಸುವುದು ಹೇಗೆ ಎಂಬ ವಿಷಯದ ಮೇಲೆ ಆರು ಶುಕ್ರವಾರಗಳ ತರಬೇತಿ ಇಟ್ಟುಕೊಳ್ಳುತ್ತಾರೆ. ಮೊದಲ ಶುಕ್ರವಾರವೇ ರೂಮ್‌ಮೇಟು ಬಿರಿಯಾನಿ ಮಾಡಿ ಕರೆದಿದ್ದ. ಬರಲಾಗುವುದಿಲ್ಲ, ಮೀಟಿಂಗ್ ಇದೆ.

ಇನ್ನು ಸ್ವಭಾವ ಪರೀಕ್ಷೆ. ಗ್ಯಾಲಪ್ ಕಂಪನಿ ಮನುಷ್ಯನ ಸಾಮರ್ಥ್ಯವನ್ನು 34 ಬಗೆಯಾಗಿ ವಿಂಗಡಿಸಿ ಮಾರುತ್ತದೆ. ದುಡ್ಡು ಕೊಟ್ಟು ಉತ್ತರಿಸಿದರೆ ನಿಮ್ಮ ಮೊದಲ ಐದು ಯಾವುವೆಂದು ತಿಳಿಸುತ್ತದೆ. ಅದು ಹಳತಾಯಿತು ಅನ್ನುವಾಗ ಎನಿಯಾಗ್ರಾಮ್ ಬಂತು: ಒಂಬತ್ತು ಅಂಕಿ, ಪ್ರತಿ ಮನುಷ್ಯನೂ ಅದರಲ್ಲಿ ಒಂದು. 2016ರಲ್ಲಿ ಇಂಟರ್‌ವಾರ್ಸಿಟಿಯ ಪ್ರಕಾಶನವೇ ಅದರ ಮೇಲೊಂದು ಪುಸ್ತಕ ತಂದು ಭರ್ಜರಿ ಮಾರಿತು. ಕುಂಡಲಿ ನೋಡುವುದು, ಗ್ರಹಗತಿ ಕೇಳುವುದು ಮೂಢನಂಬಿಕೆಯೆಂದು ಭಾರತದಿಂದ ಬಂದ ಹುಡುಗನಿಗೆ ಮೆಲ್ಲಗೆ ತಿಳಿಹೇಳುವ ಲೀಡರ್, ಅವನ ಕೈ ಕುಲುಕಿದ ಎರಡನೆಯ ನಿಮಿಷಕ್ಕೆ "ನೀನು ಯಾವ ನಂಬರ್?" ಎಂದು ಕೇಳುತ್ತಾನೆ. ಎರಡಕ್ಕೂ ಎಂಟಕ್ಕೂ ಕೂಡಿಬರುವುದಿಲ್ಲವಂತೆ. ಆರರವರಿಗೆ ಅನುಮಾನ ಜಾಸ್ತಿಯಂತೆ. ನಮ್ಮ ಜೋಯಿಸರು ಇಷ್ಟು ಹೇಳಿ ಕೊನೆಗೊಂದು ಶಾಂತಿ ಹೋಮವನ್ನಾದರೂ ಸೂಚಿಸುತ್ತಿದ್ದರು.

ಈ ಎಲ್ಲದರ ಮೇಲೆ ಕಳಶವಿಟ್ಟ ಹಾಗೆ ಗೋಡೆಯ ಮೇಲೊಂದು ಭಿತ್ತಿಪತ್ರ: ಸೇವಕನೇ ನಾಯಕ. ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಆದರೆ ಆ ಘೋಷಣೆ ನಾಯಕತ್ವದ ಸಿದ್ಧಾಂತವಾಗಿ ಅಮೆರಿಕದ ತರಬೇತಿಗಳಿಗೆ ಬಂದ ದಾರಿ ಸ್ವಾರಸ್ಯದ್ದು. ರಾಬರ್ಟ್ ಗ್ರೀನ್‌ಲೀಫ್ ಎಂಬ ಮನುಷ್ಯ ಎಟಿ ಆ್ಯಂಡ್ ಟಿ ಟೆಲಿಫೋನ್ ಕಂಪನಿಯ ಅಧಿಕಾರಿಯಾಗಿ ಬಾಳು ಸವೆಸಿ, ನಿವೃತ್ತನಾಗಿ, 1970ರಲ್ಲಿ ಬರೆದ ಪ್ರಬಂಧ ಅದರ ಮೂಲ. ಅವನಿಗೆ ಈ ವಿಚಾರ ಹೊಳೆದದ್ದು ಸುವಾರ್ತೆ ಓದುವಾಗಲ್ಲವಂತೆ. ಹರ್ಮನ್ ಹೆಸ್ಸೆಯ 'ಪೂರ್ವದ ಪಯಣ' ಕಾದಂಬರಿಯಿಂದ. ಅದರಲ್ಲಿ ಲಿಯೋ ಎಂಬ ಆಳು ಯಾತ್ರಿಕರ ಗಂಟುಮೂಟೆ ಹೊರುತ್ತಿರುತ್ತಾನೆ. ಅವನು ಕಾಣೆಯಾದ ದಿನವೇ ಯಾತ್ರೆ ಚೂರಾಗುತ್ತದೆ. ಬಹುಕಾಲದ ಮೇಲೆ ಆ ಆಳೇ ಪಂಥದ ಮುಖ್ಯಸ್ಥನೆಂದು ತಿಳಿಯುತ್ತದೆ.

ಹೆಸ್ಸೆ ಯಾರ ಮೊಮ್ಮಗ? ತಲಶ್ಶೇರಿಯಲ್ಲಿ ಕೂತು ಮಲಯಾಳಂ ನಿಘಂಟು ಕಟ್ಟಿದ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್‌ನ ಮೊಮ್ಮಗ. ಗುಂಡರ್ಟ್‌ನ ಆಪ್ತ ಗೆಳೆಯ ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನು. ಮಲಬಾರು ಮಂಗಳೂರಿನ ಸೆಕೆಯಲ್ಲಿ ಬೆವರು ಸುರಿಸಿದ ಪಾದ್ರಿಗಳ ಮನೆತನದ ಕೂಸು ಪಾದ್ರಿಯ ಬಾಳು ಬೇಡವೆಂದು ಸೆಮಿನರಿಯಿಂದ ಓಡಿಹೋಗಿ ಕಾದಂಬರಿ ಬರೆಯಿತು. ಅದನ್ನು ಟೆಲಿಫೋನ್ ಕಂಪನಿಯವನು ಓದಿ ಮ್ಯಾನೇಜರುಗಳಿಗೆ ಪಾಠ ಮಾಡಿದ. ಮ್ಯಾನೇಜರುಗಳ ಪಾಠವನ್ನು ಕ್ಯಾಂಪಸ್ ಮಿನಿಸ್ಟ್ರಿ ತಂದು ಗೋಡೆಗಂಟಿಸಿ ಕೆಳಗೆ ಬೈಬಲ್ ವಚನ ಬರೆಯಿತು. ಲಿಯೋ ಗಂಟು ಹೊರುತ್ತಿದ್ದಾಗ ಮುಂದೆ ಮುಖ್ಯಸ್ಥ ಎಂದು ತಿಳಿಯುವ ಯೋಚನೆಯಿಂದ ಹೊರುತ್ತಿರಲಿಲ್ಲ ಎಂಬ ಸಣ್ಣ ವಿಷಯ ಈ ಸಾಗಾಟದಲ್ಲಿ ಎಲ್ಲೋ ಉದುರಿತು.

ಕೆಲವು ಶಿಬಿರಗಳಲ್ಲಿ ಕಾಲು ತೊಳೆಯುವುದನ್ನು ನಿಜವಾಗಿಯೇ ಮಾಡುತ್ತಾರೆ. ದೀಪ ಸಣ್ಣದು ಮಾಡಿ, ಗಿಟಾರು ಮೀಟುತ್ತ, ಬಿಸಿನೀರು, ಲ್ಯಾವೆಂಡರ್ ಸಾಬೂನು. ಎಲ್ಲರೂ ಮುಜುಗರದಿಂದ, ಬರುವ ಮೊದಲೇ ಸ್ನಾನದ ಮನೆಯಲ್ಲಿ ಕಾಲು ತಿಕ್ಕಿ ತೊಳೆದುಕೊಂಡು ಬಂದಿರುತ್ತಾರೆ.

ಶಿಷ್ಯರಿಗೂ ಈ ಕುರ್ಚಿಯ ಚಪಲ ಇತ್ತೆಂಬುದನ್ನು ಸುವಾರ್ತೆ ಬರೆದವರು ಮುಚ್ಚಿಟ್ಟಿಲ್ಲ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ಇಬ್ಬರಿಗೂ ರಾಜ್ಯ ಬಂದಾಗ ಬಲಗಡೆ ಒಂದು, ಎಡಗಡೆ ಒಂದು ಸ್ಥಾನ ಬೇಕಿತ್ತು. ಮಾರ್ಕನ ಪ್ರಕಾರ ಅವರೇ ಬಾಯಿಬಿಟ್ಟು ಕೇಳಿದರು. ಮತ್ತಾಯನ ಪ್ರಕಾರ ಅಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಕೇಳಿದಳು. ವಿಧಾನಸೌಧದ ಕಾರಿಡಾರಿನಲ್ಲಿ ನಿಂತು ನೋಡಿದವರಿಗೆ ಈ ಎರಡು ವರದಿಗಳಲ್ಲಿ ಯಾವ ವಿರೋಧವೂ ಕಾಣದು. ಉಳಿದ ಹತ್ತು ಮಂದಿಗೆ ಸಿಟ್ಟು ಬಂತು ಎಂದೂ ಬರೆದಿದೆ. ಕೇಳಿದ್ದಕ್ಕೆ ಸಿಟ್ಟೋ, ತಮಗಿಂತ ಮೊದಲು ಕೇಳಿದ್ದಕ್ಕೋ, ಅದನ್ನು ಬರೆದಿಲ್ಲ. ಆ ದಿನ ಅವರಿಗೆ ಸಿಕ್ಕ ಉತ್ತರ ದೊಡ್ಡವನಾಗಬೇಕೆಂದಿರುವವನು ಆಳಾಗಲಿ ಎಂಬುದು. ಈಗಿನ ತರಬೇತಿಯಲ್ಲಿ ಅದೇ ಉತ್ತರವನ್ನು ದೊಡ್ಡವನಾಗುವ ಮಾರ್ಗವೆಂದು ಕಲಿಸುತ್ತಾರೆ, ಎರಡನೆಯ ಅವಧಿಯಲ್ಲಿ, ಊಟದ ವಿರಾಮಕ್ಕೆ ಮುಂಚೆ.

ಲೀಡರ್ ಯಾರಾಗಬಹುದು ಎಂಬುದು ಕೋರ್ಟಿಗೂ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದ ಹೇಸ್ಟಿಂಗ್ಸ್ ಕಾನೂನು ಕಾಲೇಜು, ಮಾನ್ಯತೆ ಬೇಕಾದ ಸಂಘ ಯಾರನ್ನೂ ಸದಸ್ಯತ್ವಕ್ಕಾಗಲಿ ನಾಯಕತ್ವಕ್ಕಾಗಲಿ ಬೇಡ ಅನ್ನುವ ಹಾಗಿಲ್ಲ ಎಂದಿತು. ಕ್ರೈಸ್ತ ಕಾನೂನು ವಿದ್ಯಾರ್ಥಿಗಳು ನಮ್ಮ ವಿಶ್ವಾಸ ಒಪ್ಪದವನು ನಮ್ಮ ಲೀಡರ್ ಹೇಗಾದಾನು ಎಂದರು. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ಕಾಲೇಜಿನ ಪರ ನಿಂತಿತು. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2014ರಲ್ಲಿ ತನ್ನ 23 ಆವರಣಗಳಲ್ಲಿ ಇಂಟರ್‌ವಾರ್ಸಿಟಿಯ ಮಾನ್ಯತೆ ಕಿತ್ತು, ಮರುವರ್ಷ ವಾಪಸು ಕೊಟ್ಟಿತು. 2018ರಲ್ಲಿ ಐಯೋವಾ ವಿಶ್ವವಿದ್ಯಾಲಯ ಇಂಟರ್‌ವಾರ್ಸಿಟಿಯ ಜೊತೆಗೆ ಸಿಖ್ಖರ ಸಂಘವನ್ನೂ ಮುಸ್ಲಿಮರ ಸಂಘವನ್ನೂ ಪಟ್ಟಿಯಿಂದ ಹೊಡೆದುಹಾಕಿತು. ಗಂಡಸರಿಗಷ್ಟೇ ಪ್ರವೇಶವಿರುವ ಫ್ರಾಟರ್ನಿಟಿಗಳು ಮಾತ್ರ ಹಾಗೇ ಉಳಿದವು, ಸಮಾನತೆಯ ತತ್ವಕ್ಕೆ ಕೊಂಚ ಬಿಯರ್ ವಿನಾಯಿತಿ ಇದ್ದ ಹಾಗೆ. ಕೋರ್ಟು ಆ ಸಲ ವಿಶ್ವವಿದ್ಯಾಲಯದ ಕಿವಿ ಹಿಂಡಿತು. ಈ ಜಗಳದಲ್ಲಿ ನನಗೆ ಸಂಘಟನೆಗಳ ಮೇಲೇ ಕರುಣೆ ಜಾಸ್ತಿ: ನಂಬಿಕೆಯ ಕೂಟಕ್ಕೆ ನಂಬುವವನೇ ಮುಂದಾಳಾಗಲಿ ಎಂಬುದರಲ್ಲಿ ಅನ್ಯಾಯವೇನೂ ಕಾಣದು. ಆದರೆ ನಲವತ್ತು ಜನರಲ್ಲಿ ಮೂವತ್ತಾರು ಮಂದಿಯನ್ನು ಲೀಡರ್ ಎಂದು ಕರೆದ ಮೇಲೆ, ಕೋರ್ಟಿನಲ್ಲಿ ನಿಂತು ನಮ್ಮಲ್ಲಿ ಲೀಡರ್ ಸ್ಥಾನ ಬಹಳ ವಿಶೇಷವಾದದ್ದು ಸ್ವಾಮಿ ಎಂದು ವಾದಿಸುವುದು ವಕೀಲರಿಗೆ ಸುಲಭದ ಕೆಲಸವಾಗಿರಲಿಕ್ಕಿಲ್ಲ.

ನಮ್ಮಲ್ಲಿ? ಮಾಟ್ ಕಟ್ಟಿದ ಒಕ್ಕೂಟದ ಭಾರತದ ಕವಲು 1912ರದು, ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. ಕ್ಯಾಥೊಲಿಕ್ ವಿದ್ಯಾರ್ಥಿಗಳ ಒಕ್ಕೂಟ 1924ರದು. ಇವಾಂಜೆಲಿಕಲ್ ವಿದ್ಯಾರ್ಥಿಗಳ ಒಕ್ಕೂಟ 1954ರದು. ಈ ಕೊನೆಯವರಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆಯಿತು. ಓದು ಮುಗಿಸಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸಕ್ಕಿರುವವರು ತಮ್ಮ ಮನೆಯ ಬಾಗಿಲನ್ನು ಹಾಸ್ಟೆಲ್ ಹುಡುಗರಿಗೆ ತೆರೆದಿಡುವುದು. ಅನ್ನ, ಸಾರು, ಒಂದು ಪಲ್ಯ, ಆಮೇಲೆ ಬೈಬಲ್ಲು. ಯಾರೂ ಯಾರಿಗೂ ತರಬೇತಿ ಕೊಟ್ಟಂತೆ ಕಾಣುತ್ತಿರಲಿಲ್ಲ, ಪಾತ್ರೆ ಮಾತ್ರ ಎಲ್ಲರೂ ತೊಳೆಯುತ್ತಿದ್ದರು. ಈಗ ನಮ್ಮ ಶಿಬಿರಗಳಿಗೂ ಅಮೆರಿಕದ ಪಾಠಗಳು ಪಿಡಿಎಫ್ ಆಗಿ ಬಂದಿಳಿಯುತ್ತಿವೆ. ಸ್ಲೈಡಿನ ಮೇಲಿನ ಲೀಡರ್ ಇನ್ನೂ ಹಿಮದಲ್ಲಿ ನಿಂತ ಬಿಳಿಯ ಹುಡುಗನೇ. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ಮೂರು ದಶಕ ದಾಟಿದ್ದರಿಂದ, ಮತ ಹಾಕಿ ಒಬ್ಬನನ್ನು ಆರಿಸಿ ಮುಂದಿನ ವರ್ಷ ಇಳಿಸುವ ವಿದ್ಯೆಯೇ ನಮ್ಮ ಹುಡುಗರಿಗೆ ಗೊತ್ತಿಲ್ಲ. ಹಾಗಾಗಿ ಲೀಡರ್ ಎಂದರೆ ಮೇಲಿನವರು ಗುರುತಿಸಿ ಸರ್ಟಿಫಿಕೇಟು ಕೊಟ್ಟವನು ಎಂದು ಅವರು ಯಾವ ಪಾಠವೂ ಇಲ್ಲದೆ ನಂಬುತ್ತಾರೆ.

ಮತ್ತೆ ಅಮೆರಿಕಕ್ಕೆ ಹೋಗೋಣ. ದಾವಣಗೆರೆಯ ಹುಡುಗನೊಬ್ಬ ಎಂ.ಎಸ್. ಓದಲು ಆಗಸ್ಟಿನಲ್ಲಿ ಬಂದಿಳಿದ ಎಂದಿಟ್ಟುಕೊಳ್ಳಿ. ಇಂಥ ನೂರಾರು ಮಂದಿಯನ್ನು ವಿಮಾನ ನಿಲ್ದಾಣದಿಂದ ಕರೆತಂದು, ಹಳೆಯ ಮಂಚ ಮೇಜು ಪುಕ್ಕಟೆ ಕೊಟ್ಟು, ನವೆಂಬರಿನಲ್ಲಿ ಊಟಕ್ಕೆ ಕರೆಯುವವರು ಬಹಳ ಸಲ ಇದೇ ಕ್ರೈಸ್ತ ಸಂಘಟನೆಗಳವರು. ಇದನ್ನು ಯಾವ ವ್ಯಂಗ್ಯವೂ ಇಲ್ಲದೆ ಹೇಳುತ್ತಿದ್ದೇನೆ. ನಮ್ಮ ಹುಡುಗನನ್ನು ಕರೆತಂದವನು ಹೊಲಗದ್ದೆಯ ಮನೆಯಿಂದ ಬಂದ, ಪಿಕಪ್ ಟ್ರಕ್ಕಿರುವ, ಮಾತು ಕಡಿಮೆಯ ಒಬ್ಬ ಹುಡುಗ. ಸೋಫಾವೊಂದನ್ನು ಹೊತ್ತು ಮೂರನೆಯ ಮಹಡಿಗೆ ಏರಿಸಿಕೊಟ್ಟ. ಇಬ್ಬರೇ ಹೊತ್ತರು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಾಗ ಕಾಲು ಬಿಚ್ಚಿ, ಓರೆ ಮಾಡಿ, ಬಾಗಿಲ ಚೌಕಟ್ಟಿಗೆ ಪೆಟ್ಟಾಗದಂತೆ ಒಳಗೆ ತಳ್ಳಿದ. ಮಂಡಕ್ಕಿ ಒಗ್ಗರಣೆ ಕೊಟ್ಟರೆ ಎರಡು ತಟ್ಟೆ ತಿಂದ. ಯೇಸುವಿನ ವಿಷಯ ನಮ್ಮ ಹುಡುಗ ಕೇಳುವ ತನಕ ಎತ್ತಲಿಲ್ಲ. ಕೇಳಿದಾಗ ನಾಲ್ಕು ಮಾತು ಹೇಳಿದ. ಎರಡು ವರ್ಷ ಹೀಗೇ ಎಷ್ಟೋ ಸೋಫಾ, ಎಷ್ಟೋ ಫ್ರಿಜ್ಜು.

ಸ್ಟಾಫ್ ಕಣ್ಣಿಗೆ ಅವನು ಬೀಳದೆ ಇರುತ್ತಾನೆಯೇ? "ನಿನ್ನಲ್ಲಿ ಏನೋ ಇದೆ" ಅಂದರು. ಪರೀಕ್ಷೆ ಮಾಡಿದರು, ಎರಡನೆಯ ನಂಬರ್ ಬಂತು. ಸಹಾಯ ಮಾಡುವ ಸ್ವಭಾವವಂತೆ. ಅವನನ್ನು ಪೀಠೋಪಕರಣ ಸೇವೆಯ ಲೀಡರ್ ಮಾಡಿ, ಒಬ್ಬ ಸಹ-ಲೀಡರ್, ನಾಲ್ವರು ತಂಡದ ಲೀಡರುಗಳನ್ನು ಕೊಟ್ಟರು. ಈಗ ಅವನ ಶನಿವಾರಗಳು ಮುನ್ನೋಟದ ಚರ್ಚೆಯಲ್ಲಿ ಕಳೆಯುತ್ತವೆ. ಮುಂದಿನ ಆಗಸ್ಟಿನಲ್ಲಿ ಹೊಸದಾಗಿ ಬಂದ ನಾಲ್ವರು ಕನ್ನಡದ ಹುಡುಗರು ಅದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಸೋಫಾ ಇಟ್ಟುಕೊಂಡು ನಿಂತಿದ್ದರು.

"ಲೇ, ಆ ಟ್ರಕ್ಕಿನ ಹುಡುಗ ಈಗ ಬರಲ್ವೇನಲೇ?"

"ಅವನಿಗೀಗ ಪ್ರಮೋಷನ್ ಆಗೈತಂತೆ."

ಅವರ ಫೋನಿಗೂ ಆ ಮಧ್ಯಾಹ್ನ ಒಂದು ಇಮೇಲ್ ಬಂದಿತ್ತು. ಪೀಠೋಪಕರಣ ಸೇವೆಯ ಲೀಡರುಗಳ ತರಬೇತಿ ಇದೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಆಸಕ್ತರೆಲ್ಲರಿಗೂ ಸ್ವಾಗತ, ಪಿಜ್ಜಾ ಇರುತ್ತದೆ, ಪಾರ್ಕಿಂಗಿಗೆ ಜಾಗ ಕಡಿಮೆ ಇರುವುದರಿಂದ ದಯವಿಟ್ಟು ಯಾರೂ ಟ್ರಕ್ ತರಬೇಡಿ.